ಕೆಲಸದಿಂದ ತೆಗೆದಿಲ್ಲ, ಈ ವರ್ಷ ಕರೆದಿಲ್ಲ ಅಷ್ಟೇ

ಇತಿಹಾಸದ_ಮೇಡಂ

ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಬರೆದಿರಲಿಲ್ಲ. ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ 12 ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಅತಿಥಿ ಉಪನ್ಯಾಸಕಿ. ಕೆ-ಸೆಟ್, ಅಂದರೆ ಉಪನ್ಯಾಸಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ, ಆಗಿದೆ. ಊರಿನ ಹೆಸರು ಬೇಡ, ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ.

ಈ ವರ್ಷ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ವರ್ಗಾವಣೆಯಲ್ಲಿ ಕಾಯಂ ಅಧ್ಯಾಪಕರೊಬ್ಬರು ಬಂದರು. ಅವರ ಕಾರ್ಯಭಾರ ತೆಗೆದ ಮೇಲೆ ಉಳಿದದ್ದು ವಾರಕ್ಕೆ ಆರು ಗಂಟೆ. ಬಿಎಗೆ ಸೇರುವ ಮಕ್ಕಳೂ ಕಡಿಮೆಯಾಗಿದ್ದಾರೆ, ಎಲ್ಲರಿಗೂ ಬಿಕಾಂ, ಬಿಸಿಎ ಬೇಕು. ಆ ಆರು ಗಂಟೆಯನ್ನು ಪಕ್ಕದ ಕಾಲೇಜಿನವರಿಗೆ ಸೇರಿಸಿಬಿಟ್ಟರು.

ಮನೆಗೆ ಬಂದವರು "ಕೆಲಸ ಬಿಟ್ಟೆಯಾ?" ಎಂದು ಕೇಳುತ್ತಾರೆ. ಬಿಟ್ಟಿಲ್ಲ. "ತೆಗೆದರಾ?" ಎನ್ನುತ್ತಾರೆ. ತೆಗೆದೂ ಇಲ್ಲ. ತೆಗೆದಿದ್ದರೆ ಒಂದು ಕಾಗದವಾದರೂ ಇರುತ್ತಿತ್ತು, ಅಲ್ವಾ? ಸೆಮಿಸ್ಟರ್ ಮುಗಿದ ದಿನ ಎಂದಿನಂತೆ ಸ್ಟಾಫ್ ರೂಮಿನಲ್ಲಿ ಟೀ ಕುಡಿದು, ಬೀರುವಿನ ಬೀಗದ ಕೈ ಕೊಟ್ಟು ಬಂದೆ. ಪ್ರತಿ ವರ್ಷವೂ ಹಾಗೇ ಬರುವುದು. ಜೂನ್, ಜುಲೈ ಹೊತ್ತಿಗೆ ಮತ್ತೆ ಕರೆಯುತ್ತಿದ್ದರು. ಈ ಸಲ ಕರೆಯಲಿಲ್ಲ. ಲೆಕ್ಕ ಹಾಕಿದರೆ ನನ್ನನ್ನು 12 ಸಲ ಮನೆಗೆ ಕಳಿಸಿದ್ದಾರೆ, 11 ಸಲ ವಾಪಸ್ ಕರೆದಿದ್ದಾರೆ.

ನಾನು ಕೇಳಬೇಕಾದದ್ದು ಎರಡೇ. ಒಂದು, ಸೇವಾ ಪ್ರಮಾಣಪತ್ರಕ್ಕೆ ಹೋದರೆ "ಪ್ರತಿ ವರ್ಷದ್ದೂ ಬೇರೆ ಬೇರೆ ಅರ್ಜಿ ಕೊಡಿ, ಹಳೇ ಹಾಜರಿ ಪುಸ್ತಕ ಹುಡುಕಬೇಕು" ಎನ್ನುತ್ತಾರೆ. ಯಾರಿಗಾದರೂ ಸುಲಭವಾಗಿ ಸಿಕ್ಕಿದೆಯಾ? ಎರಡು, 60 ವರ್ಷವಾದಾಗ 5 ಲಕ್ಷ ಇಡಿಗಂಟು ಕೊಡುತ್ತೇವೆ ಎಂದಿದ್ದರಲ್ಲ, ನನಗೆ 41. ನಡುವೆ ಹೀಗೆ ಬಿಟ್ಟುಹೋದವರ ಕಥೆ ಏನು?

ಬಯಲುಸೀಮೆ_ಭೀಮ

ಅಕ್ಕಾ, ಎರಡನೇ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತಿದೆ. ಗೊತ್ತಿದ್ದೇ ಕೇಳುತ್ತಿದ್ದೀರಿ.

ಕರಿಮಣ್ಣು

ಮೇಡಂ, ಪ್ರಮಾಣಪತ್ರದ ಬಗ್ಗೆ ಹೇಳುತ್ತೇನೆ. ಹಾಜರಿ ಪುಸ್ತಕಕ್ಕೆ ಕಾಯಬೇಡಿ. ಗೌರವಧನ ಬ್ಯಾಂಕಿಗೆ ಬಂದಿದೆಯಲ್ಲ, ಆ ಖಾತೆಯ 12 ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಜೊತೆಗೆ ಪ್ರತಿ ವರ್ಷದ ಟೈಂಟೇಬಲ್ ನಕಲು ಇದ್ದರೆ ಇಡಿ. ಪರೀಕ್ಷಾ ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ಕರೆದ ಪತ್ರ ಇದ್ದರೆ ಅದೂ ಇರಲಿ. ಎಲ್ಲ ಸೇರಿಸಿ ಪ್ರಿನ್ಸಿಪಾಲರಿಗೆ ಒಂದೇ ಅರ್ಜಿ ಬರೆದು, ಟಪಾಲಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ. ನನಗೆ ಹೀಗೆ ಮಾಡಿದ ಮೇಲೆ ಎರಡೂವರೆ ತಿಂಗಳಿಗೆ ಸಿಕ್ಕಿತು. ಒಂದು ವರ್ಷ ಬಿಟ್ಟುಹೋಗಿದೆ, ಅದಕ್ಕೆ ಮತ್ತೆ ಓಡಾಡುತ್ತಿದ್ದೇನೆ.

ಪೇಪರ್_ಓದುಗ

ಹೊರಗಿನವನು, ತಪ್ಪು ತಿಳಿಯಬೇಡಿ. ಕಾಯಂ ಅಧ್ಯಾಪಕರು ಬಂದರೆ ಅತಿಥಿಗಳು ಹೋಗಬೇಕಾದದ್ದೇ ಅಲ್ವಾ? ಹೆಸರಲ್ಲೇ ಅತಿಥಿ ಇದೆ.

ಬಯಲುಸೀಮೆ_ಭೀಮ

@ಪೇಪರ್_ಓದುಗ ನಮ್ಮ ಕಡೆ ಅತಿಥಿ ಮೂರು ದಿನ ಇರುತ್ತಾನೆ ಸ್ವಾಮಿ. ಹನ್ನೆರಡು ವರ್ಷ ಇದ್ದವನನ್ನು ಮನೆಮಗ ಅನ್ನುತ್ತಾರೆ.

ಜೋಕ್ ಬಿಡಿ. ಇದರಲ್ಲಿ ಒಂದು ಮಾತು ತಿಳಿಯಿರಿ. 2022ರ ಜನವರಿ ತನಕ ನಮಗೆ ಬರುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ಆಗ ದೊಡ್ಡ ಹೋರಾಟವಾಯಿತು. ಸರ್ಕಾರ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿತು. ಪೇಪರಿನಲ್ಲಿ ದೊಡ್ಡದಾಗಿ ಬಂತು, ನಮ್ಮ ಮನೆಯಲ್ಲೂ ಹೋಳಿಗೆ ಮಾಡಿದರು. ಹೋಳಿಗೆ ತಣ್ಣಗಾಗುವ ಮೊದಲೇ ಇನ್ನೊಂದು ಸಾಲು ಓದಿದೆವು. ವಾರಕ್ಕೆ ಎಂಟು, ಹತ್ತು ಗಂಟೆ ಇದ್ದ ಕಾರ್ಯಭಾರ 15 ಗಂಟೆ ಆಗಿತ್ತು. ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರಿಗೆ. ಆಗ ರಾಜ್ಯದಲ್ಲಿ ನಾವು 14 ಸಾವಿರದಷ್ಟು ಜನ ಇದ್ದೆವು. ಸಂಬಳ ಹೆಚ್ಚು ಮಾಡಿದ್ದೂ ಅದೇ ಆದೇಶ, ಜನ ಕಡಿಮೆ ಮಾಡಿದ್ದೂ ಅದೇ ಆದೇಶ. ಎಲ್ಲೂ "ತೆಗೆಯಲಾಗಿದೆ" ಎಂಬ ಮಾತಿಲ್ಲ. ನನ್ನ ಪಕ್ಕದ ಕುರ್ಚಿಯವನು ಸಮಾಜಶಾಸ್ತ್ರ. ಅವನ ಎಂಟು ಗಂಟೆ ಇನ್ನೊಬ್ಬರಿಗೆ ಹೋಯಿತು. ಈಗ ಅವನದು ಟಿವಿಎಸ್ ಎಕ್ಸೆಲ್ ಮೇಲೆ ಸೊಪ್ಪಿನ ವ್ಯಾಪಾರ. ನನಗೆ ಜಾಸ್ತಿ ಬರುವ 15 ಸಾವಿರದಲ್ಲಿ ಅವನದೂ ಪಾಲಿದೆ ಅಂತ ಪ್ರತಿ ತಿಂಗಳೂ ಅನ್ನಿಸುತ್ತದೆ.

ಹೇಮಾವತಿ_ದಂಡೆ

2023ರ ನವೆಂಬರಿನಿಂದ ತರಗತಿ ಬಿಟ್ಟು ಕೂತಿದ್ದೆವು. ಜನವರಿ 2024ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ನಡೆದೆವು. ನಾನೂ ನಡೆದೆ, ಮೊದಲ ದಿನವೇ ಚಪ್ಪಲಿ ಕಿತ್ತುಹೋಯಿತು. ಕೇಳಿದ್ದು ಸೇವಾ ಭದ್ರತೆ. ಸಿಕ್ಕಿದ್ದು ಅನುಭವ ನೋಡಿ 5ರಿಂದ 8 ಸಾವಿರ ಹೆಚ್ಚಳ, ಆರೋಗ್ಯ ವಿಮೆ, ತಿಂಗಳಿಗೊಂದು ರಜೆ, ಮತ್ತೆ ಈ ಇಡಿಗಂಟು. ಇಲ್ಲ ಅನ್ನುವುದಿಲ್ಲ, ದುಡ್ಡು ದುಡ್ಡೇ. ಆದರೆ 60ರ ತನಕ ಇರುತ್ತೀರಿ ಎಂದು ಯಾರೂ ಬರೆದು ಕೊಡಲಿಲ್ಲ. 60ಕ್ಕೆ ಹಣ ಕೊಡುತ್ತೇವೆ ಎಂದರು.

ಪೇಪರ್_ಓದುಗ

ಗ್ಯಾರಂಟಿಗಳಿಗೆ ವರ್ಷಕ್ಕೆ 52 ಸಾವಿರ ಕೋಟಿ ಸುರಿದರೆ ಕಾಲೇಜಿಗೆ ಎಲ್ಲಿಂದ ಬರುತ್ತದೆ? ಅದನ್ನು ಯಾರೂ ಹೇಳುತ್ತಿಲ್ಲವಲ್ಲ.

ಹೇಮಾವತಿ_ದಂಡೆ

ಹೇಳಬಹುದು. ಆದರೆ ನಾವು 2021ರ ಡಿಸೆಂಬರಿನಲ್ಲಿ ಬೀದಿಗಿಳಿದಾಗ ಗ್ಯಾರಂಟಿ ಇರಲಿಲ್ಲ, ಸರ್ಕಾರವೂ ಬೇರೆ. ನಮ್ಮಮ್ಮನಿಗೆ ತಿಂಗಳಿಗೆ 2 ಸಾವಿರ ಬರುತ್ತದೆ. ಹೋದ ಮೇ ತಿಂಗಳಲ್ಲಿ ನನಗೆ ಗೌರವಧನ ಇಲ್ಲದಾಗ ಮನೆಯ ಹಾಲಿನ ಬಾಕಿ ಕಟ್ಟಿದ್ದು ಅದೇ ದುಡ್ಡು. ಇಲ್ಲಿ ಪಕ್ಷದ ಜಗಳ ಬೇಡ ದಯವಿಟ್ಟು.

ಲೆಕ್ಕದ_ಪುಸ್ತಕ

ನಾನು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಬಹಳ ವರ್ಷ ಇದ್ದವನು. ಯಾವ ವಿವಿ ಎಂದು ಕೇಳಬೇಡಿ. ಇಲ್ಲಿ ಕಾಲೇಜಿನ ಮಾತೇ ಆಗುತ್ತಿದೆ. ವಿವಿಗಳ ಕಥೆ ಇನ್ನೂ ಕಷ್ಟದ್ದು, ಹೇಗೆ ಅಂತ ಹೇಳಿಬಿಡುತ್ತೇನೆ.

ಸಾಮಾನ್ಯವಾಗಿ ಹಳೇ ವಿವಿಗಳಿಗೆ ದುಡ್ಡು ಎರಡು ಕಡೆಯಿಂದ ಬರುತ್ತದೆ. ಕಾಯಂ ನೌಕರರ ಸಂಬಳಕ್ಕೆ ಸರ್ಕಾರದ ಅನುದಾನ. ಮಿಕ್ಕಿದ್ದಕ್ಕೆ ಆಂತರಿಕ ಸಂಪನ್ಮೂಲ ಎನ್ನುತ್ತಾರೆ, ಎಂದರೆ ಅಧೀನ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕ, ಘಟಿಕೋತ್ಸವ ಶುಲ್ಕ ಇಂಥವು. ಅತಿಥಿ ಉಪನ್ಯಾಸಕರ ಸಂಭಾವನೆ, ಕರೆಂಟು, ನೀರು, ಸೆಕ್ಯೂರಿಟಿ ಎಲ್ಲ ಈ ಎರಡನೇ ಡಬ್ಬಿಯಿಂದ ಹೋಗಬೇಕು. ಪಿಂಚಣಿಗೆ ಸರ್ಕಾರ ಕೊಡುವುದು ಸಾಲದೇ ಹೋದರೆ ಅದಕ್ಕೂ ಇದೇ ಡಬ್ಬಿಗೆ ಕೈ.

ಈಗ ಮೈಸೂರು ವಿವಿ ನೋಡಿ. 1916ರಲ್ಲಿ ಶುರುವಾದದ್ದು. 1964ರಲ್ಲಿ ಬೆಂಗಳೂರು ವಿವಿ ಬೇರೆಯಾಯಿತು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು. ಅವೆಲ್ಲ ಕಟ್ಟಡ, ಹುದ್ದೆ, ಅನುದಾನ ಎಲ್ಲ ಕೊಟ್ಟು ಮಾಡಿದ ಪಾಲು. ಆಮೇಲೆ ಮಂಡ್ಯ ಹೋಯಿತು, ಹಾಸನ, ಚಾಮರಾಜನಗರ ಹೋದವು. ಆ ಜಿಲ್ಲೆಗಳ ಕಾಲೇಜುಗಳ ಶುಲ್ಕ ಹೊಸ ವಿವಿಗಳಿಗೆ ಹೋಯಿತು. ನಿವೃತ್ತರು ಮಾತ್ರ ಮೈಸೂರಿನಲ್ಲೇ ಉಳಿದರು. ಧಾರವಾಡದ ಕರ್ನಾಟಕ ವಿವಿಗೂ ಹಾಗೇ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿವಿ ಬೇರೆಯಾಯಿತು, ಆಮೇಲೆ ಹಾವೇರಿ. ಮನೆ ಪಾಲಾಗುತ್ತಾ ಹೋಯಿತು, ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಖರ್ಚು ಹಿರಿಯಣ್ಣನ ತಲೆಗೇ ಬಂತು.

ಹೊಸ ವಿವಿಗಳಿಗಾದರೂ ಏನು ಸಿಕ್ಕಿತು? 2022-23ರ ಬಜೆಟ್‌ನಲ್ಲಿ ಏಳು ಹೊಸ ವಿವಿ ಘೋಷಣೆ ಆದವು: ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ಹೆಚ್ಚಿನವು ಹಳೇ ಸ್ನಾತಕೋತ್ತರ ಕೇಂದ್ರಗಳ ಬೋರ್ಡು ಬದಲಾಯಿಸಿದ್ದು. ಕುಲಪತಿ ಬಂದರು, ಕುಲಸಚಿವರು ಬಂದರು. ಪಾಠ ಮಾಡುವವರು ಮೊದಲಿದ್ದ ಅತಿಥಿಗಳೇ. ಮೂರು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿವಿ ಮುಚ್ಚುವ ಮಾತು ತೆಗೆಯಿತು.

ಕಾಫಿಗಿಡ

ಸರ್, ನೀವು ಹೇಳಿದ ಬೋರ್ಡು ಬದಲಾಯಿಸಿದ ಕಡೆಯವನು ನಾನು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರ. ಮೊದಲು ಮಂಗಳೂರು ವಿವಿಯ ಕೇಂದ್ರ, ಈಗ ಕೊಡಗು ವಿವಿ. ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಒಂದು ಮಾರ್ಕ್ಸ್ ಕಾರ್ಡ್ ತಿದ್ದಿಸಿಕೊಂಡು ಬರುವುದು ಏನು ಅಂತ ಆ ದಾರಿಯವರಿಗೇ ಗೊತ್ತು. ಗುಡ್ಡ ಜರಿದರೆ ಅದೂ ಇಲ್ಲ. ನಮ್ಮ ಕಡೆ ಹುಡುಗಿಯರನ್ನು ಎಂಎಗೆ ಕಳಿಸುವುದೇ ಸಂಜೆ ಮನೆಗೆ ಬರುತ್ತಾರೆ ಎಂದರೆ ಮಾತ್ರ. ಮುಚ್ಚುತ್ತಾರೆ ಎಂದು ಸುದ್ದಿ ಬಂದ ದಿನ ನಾವೆಲ್ಲ ಕ್ಲಾಸಿನಲ್ಲಿ ಪಾಠ ಕೇಳಲಿಲ್ಲ, ಮೊಬೈಲ್ ನೋಡಿಕೊಂಡು ಕೂತೆವು. ಸರ್ ಕೂಡ ಬೈಯಲಿಲ್ಲ. ಅವರೂ ಅತಿಥಿಯೇ.

ಲೆಕ್ಕದ_ಪುಸ್ತಕ

ನೀನು ಹೇಳಿದ್ದು ಸರಿ ಮಗು. ನಾನು ಮುಚ್ಚಿ ಎನ್ನುತ್ತಿಲ್ಲ. ತೆರೆಯುವಾಗಲೇ ಹುದ್ದೆ ಮಂಜೂರು ಮಾಡಬೇಕಿತ್ತು ಎನ್ನುತ್ತಿದ್ದೇನೆ.

ನಿವೃತ್ತ_ಮೇಷ್ಟ್ರು

ನಾನು ಆ "ಹಿರಿಯಣ್ಣನ ತಲೆಗೆ" ಬಂದ ಖರ್ಚು. 34 ವರ್ಷ ಪಾಠ ಮಾಡಿ ನಿವೃತ್ತನಾದೆ. ಪಿಂಚಣಿ ಒಂದು ತಿಂಗಳು ಐದನೇ ತಾರೀಕು ಬಂದರೆ ಇನ್ನೊಂದು ತಿಂಗಳು ಇಪ್ಪತ್ತೈದಕ್ಕೆ. ಗೆಳೆಯರು ಸೇರಿ ಕುಲಸಚಿವರ ಕಚೇರಿಯ ಮುಂದೆ ಕೂತಿದ್ದೂ ಆಯಿತು. ಎಪ್ಪತ್ತರ ಮೇಲಿನವರು, ಕೆಲವರು ಕೋಲು ಹಿಡಿದುಕೊಂಡು. ಎದುರಿಗೆ ಬಂದು ನೀರು ಕೊಟ್ಟವನು ನನ್ನ ವಿದ್ಯಾರ್ಥಿ, ಅಲ್ಲೇ ಅತಿಥಿ ಉಪನ್ಯಾಸಕ. ಅವನಿಗೆ ನಾಲ್ಕು ತಿಂಗಳ ಸಂಭಾವನೆ ಬಾಕಿ. "ಸರ್, ನಿಮಗೆ ಕೊಟ್ಟರೆ ನಮಗಿಲ್ಲ, ನಮಗೆ ಕೊಟ್ಟರೆ ನಿಮಗಿಲ್ಲ ಅಂತಾರೆ" ಎಂದು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ತಪ್ಪು ನಮ್ಮದೂ ಇದೆ, ಒಪ್ಪಿಕೊಂಡುಬಿಡುತ್ತೇನೆ. ನಾನು ವಿಭಾಗ ಸೇರಿದಾಗ ಹನ್ನೊಂದು ಜನ ಕಾಯಂ ಇದ್ದೆವು. ಒಬ್ಬೊಬ್ಬರೇ ನಿವೃತ್ತರಾದರು, ಜಾಗ ತುಂಬಲಿಲ್ಲ. ನಾನು ಹೊರಡುವಾಗ ಮೂವರು. ಮೊದಲ ಜಾಗ ಖಾಲಿ ಬಿಟ್ಟಾಗಲೇ ಗಲಾಟೆ ಮಾಡಬೇಕಿತ್ತು. ನಾವು ಏನು ಮಾಡಿದೆವು? ಅತಿಥಿಗಳನ್ನು ಹಾಕಿಕೊಂಡು ಪಾಠ ಓಡಿಸಿದೆವು. ಟೈಂಟೇಬಲ್ ತುಂಬಿತ್ತು, ಯಾರಿಗೂ ಖಾಲಿ ಕಾಣಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಗುತ್ತಿಗೆ ಅಧ್ಯಾಪಕರು ನೂರಕ್ಕೆ ಹತ್ತು ಮೀರಬಾರದು ಎಂದಿತ್ತು. ನಮ್ಮಲ್ಲಿ ಹತ್ತು ಕಾಯಂ ಉಳಿದರೆ ಸಾಕು ಎನ್ನುವ ಸ್ಥಿತಿ. 2025ರ ಜನವರಿಯ ಕರಡಿನಲ್ಲಿ ಆ ಹತ್ತರ ಮಿತಿಯನ್ನೇ ಕೈಬಿಟ್ಟರು. ಕರಡು ಬರೆದವರು ಕ್ಯಾಂಪಸ್ ನೋಡಿಕೊಂಡೇ ಬರೆದಿರಬೇಕು.

ತುಂಗಭದ್ರೆ_ಆಚೆ

ಹಂಪಿ ಕನ್ನಡ ವಿವಿಯನ್ನು ಮರೆತಿರಾ? 1991ರಲ್ಲಿ ಕನ್ನಡಕ್ಕೇ ಅಂತ ಕಟ್ಟಿದ್ದು. ಅದಕ್ಕೆ ಅಧೀನ ಕಾಲೇಜುಗಳ ಶುಲ್ಕದ ಆಸರೆಯೇ ಇಲ್ಲ, ಲೆಕ್ಕದ ಸರ್ ಹೇಳಿದ ಎರಡನೇ ಡಬ್ಬಿಯೇ ಖಾಲಿ. ಸರ್ಕಾರ ಕೈ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟ್ ಬಿಲ್ ಕಟ್ಟಲು ದುಡ್ಡಿಲ್ಲ ಎಂದು ಪೇಪರಿನಲ್ಲಿ ಬಂತು. ಪ್ರತಿ ನವೆಂಬರಿನಲ್ಲಿ ಊರೂರಲ್ಲಿ ಹಾಕುವ ಸೀರಿಯಲ್ ಸೆಟ್‌ನ ಕರೆಂಟ್ ಖರ್ಚು ಕೂಡಿಸಿದರೆ ಆ ಬಿಲ್ ತೀರುತ್ತಿತ್ತೇನೋ.

ಪಿಟ್ಸ್‌ಬರ್ಗ್_ಪಾಪಣ್ಣ

ದೂರದಿಂದ ಓದುತ್ತಿದ್ದೇನೆ. ಅಮೆರಿಕದಲ್ಲಿ ಹೀಗಾಗುವುದಿಲ್ಲ ಎಂದುಕೊಂಡವರಿಗೆ ಒಂದು ಮಾತು. ನಮ್ಮ ಊರಿನಿಂದ ಒಂದೂಕಾಲು ಗಂಟೆ ದಾರಿ ಮಾರ್ಗನ್‌ಟೌನ್, ಅಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ, ರಾಜ್ಯದ್ದು. 2023ರಲ್ಲಿ 45 ಮಿಲಿಯನ್ ಡಾಲರ್ ಕೊರತೆ ಎಂದರು. ಸೆಪ್ಟೆಂಬರ್ 15ರಂದು ಆಡಳಿತ ಮಂಡಳಿ ಕೂತು 28 ಕೋರ್ಸು, 143 ಅಧ್ಯಾಪಕ ಹುದ್ದೆ ತೆಗೆಯಲು ಮತ ಹಾಕಿತು. ಟೆನ್ಯೂರ್ ಇದ್ದವರನ್ನೂ ಬಿಡಲಿಲ್ಲ. ಟೆನ್ಯೂರ್ ಎಂದರೆ ನಮ್ಮ ಕಾಯಂಗಿಂತ ಗಟ್ಟಿ ಎಂದು ನಾನು ಇಲ್ಲಿಗೆ ಬಂದಾಗ ಯಾರೋ ಹೇಳಿದ್ದರು. ಜಾಗತಿಕ ಭಾಷೆಗಳ ವಿಭಾಗವನ್ನು ಪೂರ್ತಿ ಮುಚ್ಚುವ ಯೋಜನೆ ಇತ್ತು. ಮಕ್ಕಳು ಕ್ಲಾಸ್ ಬಿಟ್ಟು ಹೊರಗೆ ಬಂದರು. ಕೊನೆಗೆ ಸ್ಪ್ಯಾನಿಷ್, ಚೈನೀಸ್ ಕಲಿಸಲು ಕೆಲವರನ್ನು ಉಳಿಸಿಕೊಂಡರು.

ಒಂದೇ ವ್ಯತ್ಯಾಸ. ಇಲ್ಲಿ ಅದಕ್ಕೆ ಹೆಸರಿದೆ. ಎಷ್ಟು ಜನ, ಯಾವ ವಿಭಾಗ ಎಂದು ಪಟ್ಟಿ ಬಂತು, ಸಭೆಯಲ್ಲಿ ಮತ ಬಿತ್ತು, ಪೇಪರಿನಲ್ಲಿ ಸಂಖ್ಯೆ ಬಂತು. ಜನ ಅಧ್ಯಕ್ಷರ ಹೆಸರು ಹಿಡಿದು ಬೈದರು. ಇತಿಹಾಸದ ಮೇಡಂ ಯಾರನ್ನು ಬೈಯಬೇಕು?

ಇತಿಹಾಸದ_ಮೇಡಂ

@ಪಿಟ್ಸ್‌ಬರ್ಗ್_ಪಾಪಣ್ಣ ಅದೇ ಸಂಕಟ ಅಣ್ಣ. ಪ್ರಿನ್ಸಿಪಾಲರು ಒಳ್ಳೆಯವರು, ಅವರ ಕೈಯಲ್ಲಿಲ್ಲ. ವರ್ಗವಾಗಿ ಬಂದ ಸರ್ ಪಾಪ, ಅಪ್ಪನಿಗೆ ಡಯಾಲಿಸಿಸ್ ಎಂದು ಊರ ಹತ್ತಿರ ಕೇಳಿ ಬಂದವರು. ನನ್ನ ಟಿಪ್ಪಣಿ ಪುಸ್ತಕ ಕೇಳಿದರು, ಕೊಟ್ಟೆ. ಜಂಟಿ ನಿರ್ದೇಶಕರ (ಜೆಡಿ) ಕಚೇರಿಯಲ್ಲಿ "ಸಾಫ್ಟ್‌ವೇರ್ ತೋರಿಸುತ್ತಿಲ್ಲ ಮೇಡಂ" ಎಂದರು. ಸಾಫ್ಟ್‌ವೇರನ್ನು ಬೈಯಲೇ?

ಕರಿಮಣ್ಣು

ನಿಮ್ಮದು ಕೆ-ಸೆಟ್ ಆದ ಕಥೆ. ಆಗದವರದು ಇನ್ನೊಂದು. ನನಗೆ 18 ವರ್ಷ ಸೇವೆ, ನೆಟ್ ಇಲ್ಲ, ಸೆಟ್ ಇಲ್ಲ, ಪಿಎಚ್‌ಡಿ ಅರ್ಧಕ್ಕೆ ನಿಂತಿದೆ. ಯುಜಿಸಿ ಅರ್ಹತೆ ಇಲ್ಲದವರು ಬೇಡ ಎನ್ನುವ ಮಾತು ಬಂದ ಮೇಲೆ ನಿದ್ದೆ ಹೋಗಿದೆ. ನಿಯಮ ತಪ್ಪು ಎನ್ನುವುದಿಲ್ಲ, ಮಕ್ಕಳಿಗೆ ಓದಿದವರೇ ಬೇಕು. ಆದರೆ ಅದೇ ಯುಜಿಸಿ 2019ರಲ್ಲಿ ಅತಿಥಿಗಳಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದ ತನಕ ಎಂದು ಬರೆದಿತ್ತಲ್ಲ. ಆಗ "ಅದು ಕೇಂದ್ರದ ಮಾತು, ನಮಗೆ ಅನ್ವಯಿಸುವುದಿಲ್ಲ" ಎಂದರು. ಅರ್ಹತೆಯ ಪುಟ ಅನ್ವಯಿಸುತ್ತದೆ, ದುಡ್ಡಿನ ಪುಟ ಅನ್ವಯಿಸುವುದಿಲ್ಲ.

ಇನ್ನು ಕಾಯಂ ನೇಮಕಾತಿಗೆ ಬರೆಯಿರಿ ಎನ್ನುತ್ತಾರೆ. 2021ರಲ್ಲಿ 1,242 ಹುದ್ದೆಗೆ ಕರೆದರು, ಪರೀಕ್ಷೆ ಆದದ್ದು 2022ರ ಮಾರ್ಚಿನಲ್ಲಿ. ಆಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ, ಕಾಯುವುದು. ಹೊಸಬರು ಕೊನೆಗೂ ಬಂದು ಹಾಜರಾದಾಗ, ಆ ಜಾಗದಲ್ಲಿದ್ದ ನಾವು ಎದ್ದೆವು. ಬಂದವರಲ್ಲಿ ನನ್ನ ವಿದ್ಯಾರ್ಥಿನಿ ಒಬ್ಬಳಿದ್ದಳು. ಕಾಲಿಗೆ ಬಿದ್ದಳು. ಹೆಮ್ಮೆಯೂ ಆಯಿತು, ಏನೇನೋ ಆಯಿತು.

ಕೋರ್ಟು_ಕಚೇರಿ

ವಕೀಲ ನಾನು, ಸಲಹೆ ಅಂದುಕೊಳ್ಳಬೇಡಿ, ತಿಳಿವಳಿಕೆಗೆ. ಕಾಯಂ ಮಾಡಿ ಎಂದು ಕೇಳಿದಾಗೆಲ್ಲ ಸರ್ಕಾರ ಹಿಡಿಯುವ ಕೊಡೆ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟ್ ತೀರ್ಪು, ಅದೂ ನಮ್ಮ ಕರ್ನಾಟಕದ್ದೇ ಕೇಸು. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುವಂತಿಲ್ಲ ಎಂದು ಅದರ ಸಾರ. ಆದರೆ ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರ ಬಗ್ಗೆ ಒಂದು ಸಲ ಯೋಚಿಸಿ ಎಂದೂ ಅದರಲ್ಲಿದೆ. ಆ ಪ್ಯಾರಾವನ್ನು ಯಾರೂ ಜೋರಾಗಿ ಓದುವುದಿಲ್ಲ.

ಇನ್ನೊಂದು, 2025ರ ಆಗಸ್ಟಿನದು. ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರು ತಿಂಗಳಿಗೆ 30 ಸಾವಿರಕ್ಕೆ ದುಡಿಯುತ್ತಿದ್ದರು. ಕಾಯಂ ಅಧ್ಯಾಪಕರಿಗೆ ಕೊಡುವ ಕನಿಷ್ಠ ವೇತನ ಶ್ರೇಣಿ ಇವರಿಗೂ ಕೊಡಿ ಎಂದಿತು ಸುಪ್ರೀಂ ಕೋರ್ಟ್. ಸಮಾರಂಭಗಳಲ್ಲಿ "ಗುರುಬ್ರಹ್ಮ ಗುರುವಿಷ್ಣು" ಹೇಳಿದರೆ ಸಾಲದು ಎನ್ನುವ ಅರ್ಥದ ಮಾತೂ ಅದರಲ್ಲಿದೆ. ಮೇಡಂ, ಕೇಸು ಹಾಕುವುದು ಬಿಡುವುದು ಆಮೇಲೆ. ಕರಿಮಣ್ಣು ಹೇಳಿದ ಕಾಗದಗಳನ್ನು ಮೊದಲು ಕೂಡಿಸಿ. ಕೋರ್ಟಿನಲ್ಲಿ ಮೊದಲು ಕೇಳುವುದೇ ಇಷ್ಟು: ನೀವು ಅಲ್ಲಿ ಇದ್ದಿರಿ ಎನ್ನುವುದಕ್ಕೆ ಏನಿದೆ?

ಬಯಲುಸೀಮೆ_ಭೀಮ

ಶಿಕ್ಷಕರ ದಿನಾಚರಣೆಗೆ ನಮಗೂ ಒಂದು ಶಾಲು ಹೊದಿಸಿದ್ದರು. ಆ ತಿಂಗಳ ಗೌರವಧನ ಬಂದದ್ದು ಡಿಸೆಂಬರಿನಲ್ಲಿ. ಶಾಲು ಅಷ್ಟರಲ್ಲಿ ಚಳಿಗೆ ಉಪಯೋಗಕ್ಕೆ ಬಂತು.

ಪೇಪರ್_ಓದುಗ

ಮೇಡಂ, ಮೊದಲು ಹಾಗೆ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳು ಸರ್ಕಾರಿ ಕಾಲೇಜಿನಲ್ಲೇ ಬಿಎಸ್ಸಿ. ಇವತ್ತು ಕೇಳಿದೆ, ನಿಮಗೆ ಪಾಠ ಮಾಡುವವರಲ್ಲಿ ಅತಿಥಿಗಳು ಎಷ್ಟು ಅಂತ. "ಯಾರು ಅತಿಥಿ ಅಂತ ನಮಗೆ ಹೇಗೆ ಗೊತ್ತಾಗಬೇಕು ಅಪ್ಪಾ?" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಲ್ಯಾಬ್ ಮೇಡಂ ಇರಬೇಕು. ಅವರು ಈ ವರ್ಷ ಬಂದಿಲ್ಲ" ಎಂದಳು.

ಇತಿಹಾಸದ_ಮೇಡಂ

ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ಮೊದಲ ಎರಡು ವರ್ಷದ್ದು ಹಳೇ ಪಾಸ್‌ಬುಕ್ಕಿನಲ್ಲಿತ್ತು, ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. 2014ರ ಒಂದು ನಮೂದು ನೋಡಿ ನಗು ಬಂತು, ಐದು ತಿಂಗಳದ್ದು ಒಟ್ಟಿಗೆ ಹಾಕಿದ್ದರು. ಆ ದುಡ್ಡಿನಲ್ಲೇ ಮಗಳ ಕಿವಿ ಚುಚ್ಚಿಸಿದ್ದು. ಅರ್ಜಿ ಟಪಾಲಿನಲ್ಲಿ ಕೊಟ್ಟೆ, ಸೀಲ್ ಬಿತ್ತು.

ಇನ್ನೊಂದು ಸುದ್ದಿ. ನಲವತ್ತು ಕಿಲೋಮೀಟರ್ ದೂರದ ಕಾಲೇಜಿನಲ್ಲಿ ಒಬ್ಬರು ಹೆರಿಗೆ ರಜೆಯ ಮೇಲೆ ಹೋಗಿದ್ದಾರಂತೆ, ಎಂಟು ಗಂಟೆ ಇದೆ, ಬರುತ್ತೀರಾ ಎಂದು ಫೋನ್ ಬಂತು. ಬೆಳಿಗ್ಗೆ 6.40ರ ಬಸ್ಸು. ಒಪ್ಪಿಕೊಂಡೆ. ಆದೇಶದ ಪ್ರತಿ ಯಾವಾಗ ಕೊಡುತ್ತೀರಿ ಎಂದು ಈ ಸಲ ನಾನೇ ಬಾಯಿಬಿಟ್ಟು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆದೇಶ ಅಂತ ಏನೂ ಇರಲ್ಲ ಮೇಡಂ, ಹಾಜರಿ ಪುಸ್ತಕದ ಹಿಂದೆ ಒಂದು ಹಾಳೆ ಹಾಕಿಸುತ್ತೇವೆ, ಅದರಲ್ಲಿ ಸಹಿ ಮಾಡಿ" ಎಂದರು.

ಸಹಿ ಮಾಡಿದ ದಿನವೇ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.